ವೈದ್ಯೆಯ ಸೊಟ್ಟ ಕಣ್ಣು

ಜೂನ್ ೧೪, ಭಾನುವಾರ

ಉಪಕಾರ ಮಾಡಲು ಹೋಗಿ ಕೆಡಿಸಿಟ್ಟೆ. ಗೆಳೆಯರು ಸೇರಿ ಕಥೆ ಕಟ್ಟುತ್ತಾ ಆಡುವ ನಮ್ಮ ಆಟದಲ್ಲಿ ಹೆಂಡತಿಯ ಪಾತ್ರ ವೈದ್ಯೆ. ಆ ಪಾತ್ರದ ಗುರುತಾಗಿ ಮೇಜಿನ ಮೇಲೆ ನಡೆಸುವ, ಹೆಬ್ಬೆರಳಷ್ಟು ಎತ್ತರದ ಗೊಂಬೆಗೆ ಹನ್ನೊಂದು ವರ್ಷದ ಹಿಂದೆ ಅವಳೇ ಬಣ್ಣ ಹಚ್ಚಿದ್ದಳು. ಒಂದು ಕಣ್ಣು ಕೆನ್ನೆಗೆ ಜಾರಿತ್ತು. ನಾನು ಗುಟ್ಟಾಗಿ ಹಳೆಯ ಬಣ್ಣ ತೊಳೆದು, ಹೊಸದು ಹಚ್ಚಿ, ಕಣ್ಣು ಸರಿಮಾಡಿ ಇಂದು ಆಟಕ್ಕೆ ಇಟ್ಟೆ.

"ಚೆನ್ನಾಗಿದ್ದಾಳೆ ಕಣ್ರೀ. ಯಾರಿವಳು?" ಎಂದಳು. ಆಟ ಮುಗಿಯುವವರೆಗೂ ಗೊಂಬೆಯ ಬದಲು ಅಂಗಿಯ ಗುಂಡಿಯೊಂದನ್ನು ನಡೆಸಿದಳು.

ಊಟವಾದ ಮೇಲೆ ಕಣ್ಣನ್ನು ಮೊದಲಿನಂತೆ ಸೊಟ್ಟಗೆ ಬರೆಯಲು ಕೂತೆ. ಮೂರು ಸಲವೂ ನೆಟ್ಟಗೇ ಬಂತು, ಹಾಳಾದ ಕೈ.

"ಸರೀರಿ ಆ ಕಡೆ," ಎಂದು ಅವಳೇ ಕುಂಚ ಹಿಡಿದಳು. ಆದರೆ ಇಷ್ಟು ವರ್ಷದಲ್ಲಿ ಅವಳ ಕೈಯೂ ಪಳಗಿದೆಯಲ್ಲ. ಕುಂಚ ತಾಗುವ ಹೊತ್ತಿಗೆ ಮೊಣಕಾಲಿನಿಂದ ಮೇಜನ್ನು ಮೆಲ್ಲಗೆ ಅಲ್ಲಾಡಿಸಿದೆ. ಕಣ್ಣು ಕೆನ್ನೆಗೆ ಜಾರಿತು.

ಅವಳಿಗೆ ಗೊತ್ತಾಯಿತು. ಬೈಯಲಿಲ್ಲ.