ಜೂನ್ ಒಂದರ ಜಾತಕ

ಜೂನ್ 2, ಸೋಮವಾರ
ಫ್ಯಾಕ್ಟರಿ ಕ್ಯಾಂಟೀನಲ್ಲಿ ಕೇಕು. ನಿನ್ನೆ ಭಾನುವಾರ, ಅದಕ್ಕೇ ಒಂದು ದಿನ ತಡ. ನಮ್ಮ ಲೈನಲ್ಲೇ ಹನ್ನೊಂದು ಜನರ ಬರ್ತ್‌ಡೇ ಜೂನ್ ಒಂದು, ನಾನೂ ಸೇರಿ. ಉತ್ತರ ಕರ್ನಾಟಕದಿಂದ ಬಂದ ರೂಮ್‌ಮೇಟ್ ಮುತ್ತಣ್ಣನೂ ಸೇರಿ — ನಮ್ಮಿಬ್ಬರದು ವರ್ಷವೂ ಒಂದೇ. ಅವನು ತನ್ನ ಪೀಸನ್ನು ಟೆಸ್ಟಿಂಗ್‌ನ ಸವಿತಾಗೆ ಕೊಟ್ಟ, ಚೆರ್ರಿ ಸಮೇತ. ನನ್ನ ಕೆನ್ನೆಗೆ ಕ್ರೀಮ್ ಮೆತ್ತಿ ಓಡಿದ್ದು ಪ್ಯಾಕಿಂಗ್‌ನ ದಾನೇಶ್ವರಿ. ಇತಿಹಾಸಕ್ಕಾಗಿ ದಾಖಲಿಸಿದ್ದೇನೆ.

ಜೂನ್ 5
ಸವಿತಾಳ ಅವ್ವ ದೇವಕ್ಕ. ಹೆಬ್ಬಗೋಡಿಯಲ್ಲಿ ರೊಟ್ಟಿ ಖಾನಾವಳಿ. ಅಳಿಯನಾಗಿ ಮುತ್ತಣ್ಣ ಅವರಿಗೆ ಒಪ್ಪಿಗೆ, ಆದರೆ — "ಕುಂಡಲಿ ಕೂಡಿ ಬಂದ್ರ ಲಗ್ನ. ಇಲ್ಲಂದ್ರ ರೊಟ್ಟಿ ತಿಂದು ಹೋಗ್ಲಿ."
ಮುತ್ತಣ್ಣನಿಗೆ ಜಾತಕವೇ ಇಲ್ಲ.
"ಚಿಂತೆ ಬಿಡು ಮಗಾ. ಜ್ಯೋತಿಷ ಶಿರೋಮಣಿ ಅಂಬರೀಶ ಶಾಸ್ತ್ರಿಗಳು ಇದ್ದಾರೆ."
"ಲೇ, ಆಟ ಆಡಬ್ಯಾಡ."
ಆಡಿದೆ. ಜಾತಕದ ಆಪ್‌ಗೆ ಅವನ ಆಧಾರ್ ತಾರೀಖು ಹಾಕಿದೆ. ಹುಟ್ಟಿದ ಹೊತ್ತು ಗೊತ್ತಿಲ್ಲ, ಬೆಳಗ್ಗೆ 9.15 ಅಂದೆ — ನಮ್ಮ ಟೀ ಬ್ರೇಕ್. ಪ್ರಿಂಟ್ ತೆಗೆದು ನಾಲ್ಕೂ ಮೂಲೆಗೆ ಅರಿಶಿನ ಬಳಿದೆ. ಕೆಳಗೆ 'ಅಂಬರೀಶ ಶಾಸ್ತ್ರಿ' ಅಂತ ನನ್ನ ಸಹಿ. ನೋಡೋಕೆ ಭವ್ಯ.

ಜೂನ್ 8
ಭವ್ಯ ಅಲ್ಲ. ದೇವಕ್ಕ ಅದನ್ನು ಜೋಯಿಸರಿಗೆ ತೋರಿಸಿದರು. ಜನ್ಮನಕ್ಷತ್ರದ ಲೆಕ್ಕದಲ್ಲಿ ಸವಿತಾಳದೂ ಇವನದೂ ಒಂದೇ ನಾಡಿಯಂತೆ, ಅದು ದೋಷವಂತೆ. ಕೂಡದು. ಮುತ್ತಣ್ಣ ಊಟ ಬಿಟ್ಟ. ನನ್ನ ಹತ್ತಿರ ಮಾತೂ ಬಿಟ್ಟ.

ಜೂನ್ 9
ಪ್ರಾಯಶ್ಚಿತ್ತಾರ್ಥ ಶಾಸ್ತ್ರಾಧ್ಯಯನ. ಗುರು: ಮೊಬೈಲು. ವೇದದ ಕಾಲದವರು ಆಕಾಶ ನೋಡಿದ್ದು ಹುಡುಗಿ ಹುಡುಕೋಕ್ಕಲ್ಲ, ಯಜ್ಞಕ್ಕೆ ಸರಿಯಾದ ಹೊತ್ತು ಗೊತ್ತುಮಾಡೋಕ್ಕೆ. ಚಂದ್ರನಿಗೆ ಇಪ್ಪತ್ತೇಳು ನಕ್ಷತ್ರ, ಸುಮಾರು ದಿನಕ್ಕೊಂದರಂತೆ — ಅವನೂ ಬಾಡಿಗೆದಾರನೇ! ಮೇಷ, ವೃಷಭ ಬಂದಿದ್ದು ಆಮೇಲೆ, ಗ್ರೀಕರ ಕಡೆಯಿಂದ ಅಂತಾರೆ. ಅಂದರೆ ರಾಶಿಗಳೂ ವಲಸೆ ಬಂದವರು, ಮುತ್ತಣ್ಣನ ಥರ. ಹೇಳೋಣ ಅಂದರೆ ಮಾತಿಲ್ಲ.

ಜೂನ್ 11, ರಾತ್ರಿ 8
ಟೆರೇಸಲ್ಲಿ ಮುತ್ತಣ್ಣನಿಗೆ ಊರಿಂದ ಅವನವ್ವ ಮಹಾನಂದಾ ಅವರ ಫೋನ್. ಸ್ಪೀಕರ್ ಆನ್.
"ಮುತ್ತೂ, ಹೋಳಿಗಿ ಮಾಡೀನಿ. ಇವತ್ತ ಕಾರಹುಣ್ಣಿವಿ, ನೀ ಹುಟ್ಟಿದ ದಿನ! ಎತ್ತು ಓಡಿಸೂ ಹೊತ್ತಿಗೆ ಹುಟ್ಟೀದಿ."
"ಆಧಾರ್‌ನಾಗ ಜೂನ್ ಒಂದ ಐತಲ್ಲವ್ವಾ?"
"ಅದು ಹೆಡ್ಮಾಸ್ತರ ಬರದದ್ದು. ಸಾಲಿಗೆ ಸೇರಿಸುವಾಗ ಎಲ್ಲಾರಿಗೂ ಅದನ್ನ ಬರೀತಿದ್ರು."
ಹನ್ನೊಂದು ಜನರ ಕೇಕು ಕಣ್ಮುಂದೆ ಬಂತು. ಥೂ!
ಪಕ್ಕದಲ್ಲೇ ಓನರ್ ನರಸಪ್ಪನೋರು. ಈ ಬಿಲ್ಡಿಂಗ್ ಇರೋ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಚಂದ್ರನ ಕಡೆ ಕೈ ತೋರಿಸಿದರು.
"ನೋಡ್ಲಾ, ಪಕ್ದಾಗೆ ಕೆಂಪು ಚುಕ್ಕಿ. ಅದೇ ಜ್ಯೇಷ್ಠಾ ನಕ್ಷತ್ರ. ಉಣ್ಮೆ ಚಂದ್ರ ಅದ್ರ ತಾವ ಇರೋದ್ಕೇ ಈ ತಿಂಗ್ಳು ಜ್ಯೇಷ್ಠ. ಚಿತ್ತಾ ತಾವ ಇದ್ರೆ ಚೈತ್ರ. ಕಾರುಣ್ಮೆ ದಿನ ಉಟ್ಟವ್ನೆ ಅಂದ್ರೆ ವರ್ಷ ಯಾವ್ದಾದ್ರೂ ಆಗ್ಲಿ, ನಕ್ಷತ್ರ ಇದೇ, ಇಲ್ಲ ಇದ್ರ ಪಕ್ಕದ್ದು."
ಮುತ್ತಣ್ಣ ಮೂರು ದಿನದ ಮೇಲೆ ನನ್ನ ಕಡೆ ತಿರುಗಿ ಮಾತಾಡಿದ. "ಲೇ ಶಾಸ್ತ್ರಿ, ಬರಕೋ."

ಜೂನ್ 15, ಭಾನುವಾರ
ಹೊಸ ಜಾತಕ ಕೂಡಿ ಬಂತು!! ಜೋಯಿಸರೇ ಅಂದರಂತೆ. ಮುತ್ತಣ್ಣ ಎಂಟು ರೊಟ್ಟಿ ತಿಂದ. ಸವಿತಾ ಒಂಬತ್ತನೆಯದನ್ನೂ ಹಾಕಿದಳು.
ದೇವಕ್ಕ: "ಕಾರಹುಣ್ಣಿವಿ ಮಗ ಅಂತ ಮದಲ ಹೇಳಬಾರದೇನು?" ಆಮೇಲೆ ನನ್ನ ಕಡೆ — "ಶಾಸ್ತ್ರಿಗಳ, ನಿಮ್ಮ ಕುಂಡಲಿನೂ ತರ್ರಿ. ನಮ್ಮ ತಂಗಿ ಮಗಳು ದಾನೇಶ್ವರಿ ಕೇಳ್ಯಾಳ. ಖರೇ ತಾರೀಖು ಬೇಕ್ ನೋಡ್ರಿ. ಜೂನ್ ಒಂದು ನಡಿಯಂಗಿಲ್ಲ."
ಕೆನ್ನೆ ಮೇಲೆ ಕ್ರೀಮ್ ಇನ್ನೂ ಇದ್ದ ಹಾಗಾಯ್ತು.

ಜೂನ್ 16
ನಮ್ಮೂರು ಮಾಕಳಿಗೆ ಫೋನ್ ಮಾಡಿದೆ.
"ಅಮ್ಮ, ನಾನು ಹುಟ್ಟಿದ್ದು ಯಾವತ್ತು?"
"ಜೂನ್ ಒಂದು ಕಣೋ."
"ಹೆಡ್‌ಮಾಸ್ಟ್ರು ಬರೆದಿದ್ದಲ್ಲ. ನಿಜದ್ದು."
"ನಿಜದ್ದೇ. ಆಸ್ಪತ್ರೆ ಚೀಟಿ ಇದೆಯಲ್ಲೋ. ಬೆಳಗ್ಗೆ ಒಂಬತ್ತೂ ಕಾಲು."
ಅಂದರೆ ಅರಿಶಿನ ಬಳಿದ ಆ ಕಾಗದ, ಆ ಸಹಿ... ನನ್ನದೇ ಜಾತಕ.
ಖಾನಾವಳಿ ಮೆಟ್ಟಿಲ ಮೇಲೆ ಆಸ್ಪತ್ರೆ ಚೀಟಿಯ ಫೋಟೋ ಹಿಡಿದು ಕೂತಿದ್ದೇನೆ. ಒಳಗಿಂದ ದಾನೇಶ್ವರಿಯ ನಗು, ದೊಡ್ಡಮ್ಮನಿಗೆ ಕೂಗು. "ಮಾವಶೀ, ಶಾಸ್ತ್ರಿಗಳು ಬಂದಾರ. ಯಾವ ತಾರೀಖು ತಂದಾರ ಕೇಳ್ರಿ!"