ವಾರಗಿತ್ತಿಯರ ಬದು

ಜನವರಿ 20, ಸಂಜೆ

ಕೈ ಮೂರು ಸಲ ತೊಳೆದೆ. ವಾಸನೆ ಹೋಗಿಲ್ಲ. ಇಡೀ ಊರು ಒಂದೇ ದಿನ ಬಿಲ ಅಗೆಯಬೇಕು, ಇಲ್ಲದಿದ್ದರೆ ಇಲಿ ಪಕ್ಕದ ಗದ್ದೆಗೆ ಓಡುತ್ತದೆ — ಹಿರಿಯೂರಿನ ಟ್ರೈನಿಂಗ್‌ನಲ್ಲಿ ಕಲಿತು ಬಂದು ಹೇಳಿದವಳು ನಾನೇ. ಬಿಲದೊಳಗೆ ಕೂದಲಿಲ್ಲದ ಕೆಂಪು ಮರಿಗಳು... ಥೂ. ಊಟ ಸೇರಲಿಲ್ಲ.

ಬದುಗಳನ್ನೆಲ್ಲ ಒಂದಡಿ ಅಗಲಕ್ಕೆ ಕೆತ್ತಿದರು. ಸಣ್ಣ ಬದುವಿನಲ್ಲಿ ಇಲಿ ಬಿಲ ತೋಡುವುದಿಲ್ಲ. ಒಂದು ಮಾತ್ರ ನಾಲ್ಕಡಿ ಹಾಗೇ ಉಳಿಯಿತು. ನನಗೂ ವಾರಗಿತ್ತಿ ಪುಟ್ಟಕ್ಕನಿಗೂ ನಡುವಿನದು. ಯಾರ ಕಡೆಯಿಂದ ಕೆತ್ತಬೇಕು? ಪುಟ್ಟಕ್ಕ ಸೊಂಟಕ್ಕೆ ಕೈಯಿಟ್ಟು ಅದರ ಮೇಲೇ ನಿಂತಳು.

"ಗುದ್ದಲಿ ಹಾಕು ನೋಡಾಣ, ನೇತ್ರಾ!"

"ಬಿಲ ಇರಾದು ನಿನ್ ಕಡೆ. ನೀನೇ ಕೆತ್ತಕ್ಕ." ನಾನೂ ಬಿಡಲಿಲ್ಲ.

ಗದ್ದೆಗಳಿಗೆ ನಾಲೆ ನೀರು ಬಿಡುವ ನೀರುಗಂಟಿ ಕರಿಯಣ್ಣ ನಕ್ಕ. "ವಾರಗಿತ್ತೇರು ಜಗಳಾಡಿದ್ರೆ ಇಲಿಗೆ ಬಂಗ್ಲೆ ಆತು ಬಿಡ್ರಮ್ಮ."

ಜನವರಿ 27

ಮೀಟಿಂಗ್. ಗದ್ದೆಗಳಲ್ಲಿ ಗೂಬೆ ಕೂರಲು ಗೂಟ ನೆಟ್ಟಾಯಿತು. ವಿಷ ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯುತ್ತದೆ, ಅದಕ್ಕೇ ಈ ಸಲ ಯಾರೂ ವಿಷ ಇಡುವಂತಿಲ್ಲ. ಇಟ್ಟವರಿಗೆ ನಾಲೆ ನೀರು ಎರಡು ಪಾಳಿ ಬಂದ್. ಈ ರೂಲ್ಸ್ ಹಾಕಿಸಿದ್ದೂ ನಾನೇ. ಪುಟ್ಟಕ್ಕನ ಮುಖ ನೋಡುತ್ತಾ ಹೇಳಿದೆ.

ಮಾರ್ಚ್ 24

ಭತ್ತ ಹೊಡೆಗೆ ಬಂದಿದೆ, ಇನ್ನೇನು ತೆನೆ ಹೊರಬೀಳಬೇಕು. ಊರಿನವರದ್ದೆಲ್ಲ ಚೆನ್ನಾಗಿದೆ. ನಮ್ಮ ಬದುವಿನ ಎರಡೂ ಪಕ್ಕ ಮಾತ್ರ ಕುಡುಗೋಲು ಆಡಿಸಿದ ಹಾಗೆ. ಹೆಜ್ಜೆಗೊಂದು ಹಿಕ್ಕೆ. ಹೊತ್ತು ಮುಳುಗುವಾಗ ನುಚ್ಚಿಗೆ ವಿಷ ಕಲಸಿ ಬಿಲಗಳಿಗೆ ಹಾಕಿದೆ. ಯಾರೂ ನೋಡಲಿಲ್ಲ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ — ನನ್ನಂಥವರಿಗೇ ಹೇಳಿದ ಮಾತು.

ಮಾರ್ಚ್ 27

ಗೂಬೆ ಸತ್ತಿದೆ. ಪುಟ್ಟಕ್ಕನ ಗದ್ದೆಯಲ್ಲಿ. ಕಣ್ಣಿನ ತುಂಬ ಇರುವೆ. ಜನ ಸೇರಿದರು. ವಿಷ ತಾನು ಹಾಕಿಲ್ಲ ಎಂದು ಪುಟ್ಟಕ್ಕ ಮಾರಮ್ಮನ ಆಣೆ ಇಟ್ಟಳು, ಯಾರೂ ನಂಬಲಿಲ್ಲ. ಕರಿಯಣ್ಣ ನನ್ನ ಕಡೆ ತಿರುಗಿದ. "ಏನಮ್ಮ, ನೀನೇ ಹೇಳು."

"ರೂಲ್ಸ್ ಅಂದ್ರೆ ರೂಲ್ಸು," ಅಂದೆ.

ಅಸಹ್ಯ. ನನ್ನ ನಾಲಿಗೆ ಕಂಡರೆ ನನಗೇ ಅಸಹ್ಯ.

ಮಾರ್ಚ್ 31

ಅವಳ ತೂಬು ಮುಚ್ಚಿದ್ದಾರೆ. ಅವಳ ಪಾಳಿಯ ನೀರೂ ನನ್ನ ಗದ್ದೆಗೇ ಬರುತ್ತಿದೆ. ಪುಟ್ಟಕ್ಕ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ.

"ನಾ ಹಾಕಿಲ್ಲ ಕಣೇ. ನೀನಾರ ನಂಬ್ತೀಯೇನೇ?"

"ನಂಬ್ತೀನಕ್ಕ."

ಕೈ ಹಿಡಿದುಕೊಂಡು ಅತ್ತಳು. ಜಗಳವಿಲ್ಲದೆ ಮಾತಾಡಿ ಹನ್ನೊಂದು ವರ್ಷ ಆಗಿತ್ತು. ಮನೆಗೆ ಬಂದು ಕೈ ತೊಳೆದೆ, ಮತ್ತೆ ಮತ್ತೆ.

ಏಪ್ರಿಲ್ 7, ಬೆಳಿಗ್ಗೆ 6

ನಾಳೆ ಅವಳ ಎರಡನೇ ಪಾಳಿ. ಅದೂ ತಪ್ಪಿದರೆ ಅವಳ ಭತ್ತವೆಲ್ಲ ಜೊಳ್ಳು. ಒಪ್ಪಿಕೊಂಡರೆ ನನ್ನದು ಜೊಳ್ಳು. ಕರಿಯಣ್ಣನ ಮನೆಗೆ ಹೊರಟಿದ್ದೇನೆ. ಅಲ್ಲಿ ಹೋಗಿ ತೊದಲಬಾರದು. ಏನು ಹೇಳಬೇಕೋ ಇಲ್ಲೇ ಒಮ್ಮೆ ಬರೆದುಕೊಳ್ಳುತ್ತೇನೆ.

ಕರಿಯಣ್ಣ, ಅಕ್ಕನ ತೂಬು ತೆಗೀರಿ. ವಿಷ ಹಾಕಿದ್ದು ಅವಳಲ್ಲ. ಯಾರೋ ಹೊರಗಿನವರು... ಥೂ. ಅಲ್ಲ. ಹಾಕಿದ್ದು...