ಪರದೆಯ ಮೇಲೆ ಇಲ್ಲದ ಕಂಬಗಳು

ಗುರುವಾರ, ಮಾರ್ಚ್ ೧೪

ಅಕ್ಕಾ,

ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಎರಡು ತಿಂಗಳು ಕಾಗದ ಹಾಕದಿದ್ದಕ್ಕೆ ಬೈಯಬೇಡ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. ನೀನು ನಮ್ಮ ಹತ್ತಿರ ಬಿಟ್ಟಿರುವ ಮಗಳ ವಿಷಯ ಕಡೆಯಲ್ಲಿ ಬರೆಯುತ್ತೇನೆ. ಮೊದಲೇ ಬರೆದರೆ ಮಿಕ್ಕದ್ದನ್ನು ನೀನು ಓದುವುದಿಲ್ಲ.

ನಮ್ಮ ಮನೆಯನ್ನು ತೋರಿಸಿದ ಆ ಧಾರಾವಾಹಿ ಹನ್ನೆರಡು ದೇಶಗಳಲ್ಲಿ ಓಡುತ್ತಿದೆಯಂತೆ. ನಮ್ಮ ಮನೆ ಮುಂದೆ ದಿನಕ್ಕೆ ಮೂರು ಬಸ್ಸು. ಎರಡೆರಡು ವಿಮಾನ ಬದಲಿಸಿ ಬಂದವರು ಬೀದಿಯಲ್ಲಿ ನಿಂತು, ನಮ್ಮ ಬಾಲ್ಕನಿ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ನಾಯಕಿ ಅಲ್ಲೇ ನಿಂತು ಗಂಡನಿಗೆ ಕಾದಳಲ್ಲ, ಅದಕ್ಕೆ. ಅಪ್ಪ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಟಿಕೆಟ್ ಹರಿಯುತ್ತಿದ್ದಾರೆ. ಶಾಲೆ ಬಿಟ್ಟ ನಾನು ಗೈಡು. ನಗು ಬಂತೇ?

ಬಾಲ್ಕನಿಯ ಕೆಳಗೆ ತಾತ ಆಸರೆಗೆ ಕೊಟ್ಟಿದ್ದ ಎರಡು ಕಬ್ಬಿಣದ ಕಂಬ ನೆನಪಿದೆಯಾ? ದೃಶ್ಯ ಕೆಡುತ್ತದೆ ಎಂದು ಶೂಟಿಂಗಿನವರು ತೆಗೆಸಿದ್ದರು. ಅವರು ನಾಲ್ಕು ದಿನ ಹೊರಗಿನಿಂದ ಮನೆಯನ್ನು ಚಿತ್ರಿಸಿಕೊಂಡು ಹೋದರು, ಅಷ್ಟೆ. ನಾಯಕಿ ನಿಂತದ್ದು ಸ್ಟುಡಿಯೊದಲ್ಲಿ ಕಟ್ಟಿದ ಮರದ ಬಾಲ್ಕನಿಯಲ್ಲಿ. ಆಮೇಲೆ ಮೇಸ್ತ್ರಿ ಕಂಬಗಳನ್ನು ಮತ್ತೆ ಕೂರಿಸಿದಾಗ ಬಂದವರೆಲ್ಲ ಮುಖ ಸಿಂಡರಿಸಿದರು. ಇದು ಆ ಮನೆಯೇ ಅಲ್ಲ ಎಂದರು. ಅಪ್ಪ ಅದೇ ವಾರ ಅವನ್ನು ಕೀಳಿಸಿದರು.

ಈಗ ಬಾಲ್ಕನಿ ಗೋಡೆ ಸೇರುವಲ್ಲಿ ಬಿರುಕು. ಜನವರಿಯಲ್ಲಿ ಉಗುರು ಹೋಗುತ್ತಿತ್ತು, ಈಗ ಬೆರಳೇ ಹೋಗುತ್ತದೆ. ಮೇಸ್ತ್ರಿ ನೋಡಿ, "ಇದು ನಿಂತಿರೋದು ಬರೀ ಅಭ್ಯಾಸಬಲದಿಂದ ಕಣಮ್ಮಾ" ಅಂದ. ಪುರಸಭೆಗೆ ಹೋಗಿ ಹೇಳಿದೆ. ಗುಮಾಸ್ತರು ಬಂದರು, ಬಾಲ್ಕನಿಯಲ್ಲಿ ಸೆಲ್ಫಿ ತೆಗೆದುಕೊಂಡು ಹೋದರು.

ಹೋದ ವಾರ ತಡೆಯಲಾಗದೆ ಒಂದು ಬಸ್ಸಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಎಲ್ಲರೂ ಮೆಟ್ಟಿಲ ಬಳಿಯೇ ನಿಂತರು. ಅಪ್ಪ ನನ್ನನ್ನು ಒಳಗೆ ಎಳೆದುಕೊಂಡು ಹೋದರು.

"ನಿಂಗೆ ಬಾಯಿ ಕೊಟ್ಟ ದೇವ್ರು ಅದಕ್ಕೊಂದು ಬೀಗ ಕೊಡೋದು ಮರೆತ."

"ಬಿದ್ರೆ ಏನ್ ಮಾಡ್ತೀರಪ್ಪಾ?"

"ನಲವತ್ತು ವರ್ಷದಿಂದ ಬೀಳದ್ದು ನೀನು ಹೇಳಿದೆ ಅಂತ ಬೀಳತ್ತಾ?"

ಅಮ್ಮ ಬಾಲ್ಕನಿಯ ಕೆಳಗಿದ್ದ ತನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬೀದಿಯ ಆಚೆ ಬದಿಗೆ ಹಾಕಿಕೊಂಡಳು.

ಮುಂದಿನ ವಾರ ಧಾರಾವಾಹಿಯ ಎರಡನೇ ಭಾಗ ಶುರು. ಆ ಭಾನುವಾರಕ್ಕೆ ಒಂಬತ್ತು ಬಸ್ಸು.

ಆಸ್ಪತ್ರೆಯ ಕೆಲಸದಲ್ಲಿ ಊಟ ಮರೆಯಬೇಡ. ಚಿಕ್ಕವಳು ನಾನು ಹರಸಬಾರದು. ಆದರೂ, ನೀನು ಚೆನ್ನಾಗಿರು.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಆ ದಿನ ನನ್ನ ಮಾತು ಸುಳ್ಳೆಂದು ತೋರಿಸಲು ಅಪ್ಪ ನಿನ್ನ ಮಗಳನ್ನು ಬಾಲ್ಕನಿಗೆ ಕಳಿಸಿ, ಕುಣಿ ಅಂದರು. ಕುಣಿದಳು. ಜನ ಚಪ್ಪಾಳೆ ತಟ್ಟಿ, ಒಬ್ಬರ ಹಿಂದೊಬ್ಬರು ಮೇಲೆ ಹತ್ತಿದರು. ಈಗ ಪ್ರತಿ ಬಸ್ಸಿಗೂ ಮೊದಲು ಅವಳು ಕುಣಿಯಬೇಕು. ಬೇಡ ಅಂತ ಕೈ ಹಿಡಿದರೆ ಕೊಸರಿಕೊಂಡು ಓಡುತ್ತಾಳೆ. ಚಪ್ಪಾಳೆಯ ರುಚಿ ಹತ್ತಿದೆ. "ಚಿಕ್ಕಮ್ಮಾ, ನಾನು ಕುಣಿದ್ರೆ ಕಾಲ್ಕೆಳಗೆ ಟಕ್ ಟಕ್ ಅನ್ನತ್ತೆ" ಎಂದು ನಿನ್ನೆ ನಗುತ್ತಾ ಹೇಳಿದಳು. ನಾನು ಅಂದು ಸುಮ್ಮನಿದ್ದಿದ್ದರೆ ಅವಳು ಅಲ್ಲಿ ಹೋಗಿ ನಿಲ್ಲುತ್ತಿರಲಿಲ್ಲ. ಆ ಭಾನುವಾರಕ್ಕೆ ಮುಂಚೆ ಬಂದು ಅವಳನ್ನು ಕರೆದುಕೊಂಡು ಹೋಗು.